ಕೈಯಲ್ಲೇ ಇರಬೇಕಾದ ಗಾಳ

ಮುದುಕ ತಿಜಾನಿಯ ಗಾಳದ ಅಂಗಡಿಗೆ ಹೆಂಗಸರು ಬರುವುದೇ ಅಪರೂಪ. ಬಂದರೂ ಗಂಡನನ್ನು ಹುಡುಕಿಕೊಂಡು ಬರುತ್ತಾರೆ, ನಾಲ್ಕು ಬೈದು ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ಹನಿಯಾ ಒಳಗೆ ಬಂದು ಗೋಡೆಗೆ ಒರಗಿಸಿದ್ದ ಗಾಳದ ಕೋಲುಗಳನ್ನೇ ದಿಟ್ಟಿಸುತ್ತ ನಿಂತಾಗ ಮುದುಕ, "ಇಲ್ಲಿ ಯಾರೂ ಇಲ್ಲ ತಾಯಿ, ಎಲ್ಲಾ ಬಂದರಿಗೆ ಹೋದ್ರು" ಎಂದ.

"ನನಗೆ ಯಾರೂ ಬೇಡ ಚಿಕ್ಕಪ್ಪಾ. ಒಂದು ಗಾಳ ಬೇಕು."

"ಯಾವ ಮೀನಿಗೆ?"

"ಮೀನಿನ ಮಾತು ಆಮೇಲೆ. ನನ್ನ ಮಗನಿಗೆ."

ಅವಳ ಮಗ ವಜ್ದಿಯನ್ನು ತಿಜಾನಿ ಬಲ್ಲ. ಕೆಲಿಬಿಯಾ ಎಂಬ ಆ ಕಡಲೂರಿನಲ್ಲಿ ಅವನನ್ನು ಅರಿಯದವರಾರು? ಬಂದರಿನ ಕಾಫಿ ಅಂಗಡಿಯಲ್ಲಿ ಬೆಳಗಾದರೆ ಬಂದು ಕೂರುವ ಹುಡುಗರಲ್ಲಿ ಅವನೂ ಒಬ್ಬ. ಒಂದು ಲೋಟ ಕಾಫಿಯನ್ನು ಮಧ್ಯಾಹ್ನದವರೆಗೆ ಕುಡಿಯುತ್ತಾರೆ, ಆಕಾಶ ತಿಳಿಯಾಗಿದ್ದ ದಿನ ದೂರದಲ್ಲಿ ಕಾಣುವ ಇಟಲಿಯ ದ್ವೀಪವನ್ನು ನೋಡುತ್ತಾರೆ, ನೋಡುತ್ತ ನೋಡುತ್ತ ಲೆಕ್ಕ ಹಾಕುತ್ತಾರೆ. ಕದ್ದು ದೋಣಿ ಹತ್ತಿ ಆಚೆ ಹೋಗುವುದಕ್ಕೆ ನಮ್ಮ ಕಡೆ ‘ಸುಡೋದು’ ಎನ್ನುತ್ತಾರೆ. ಯಾರು ಸುಟ್ಟರು, ಯಾರು ಸುಡುತ್ತಾರೆ, ಆ ಕಾಫಿ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ವಜ್ದಿ ಇನ್ನೂ ಈ ದಡದಲ್ಲಿದ್ದಾನೆ ಎಂದರೆ ಅದಕ್ಕೆ ಕಾರಣ ತಾಯಿಯ ಮೇಲಿನ ಪ್ರೀತಿಯೇನೂ ಅಲ್ಲ, ದೋಣಿಯವನಿಗೆ ಕೊಡಲು ಕೈಯಲ್ಲಿ ದುಡ್ಡಿಲ್ಲ, ಅಷ್ಟೇ. ಹನಿಯಾಗೆ ಅದು ಚೆನ್ನಾಗಿ ಗೊತ್ತಿತ್ತು.

ಪಕ್ಕದ ಮನೆಯ ಬೈಯಾಳ ಮಗ ಹೋದ ವರ್ಷ ಸುಟ್ಟ. ಅತ್ತ ತಲುಪಲಿಲ್ಲ, ಇತ್ತ ಹೆಣವಾಗಿಯೂ ಬರಲಿಲ್ಲ. ಅಂದಿನಿಂದ ಹನಿಯಾಗೆ ನಿದ್ದೆ ಎಂಬುದಿಲ್ಲ. ಒಂದು ದಿನ ಅವಳು ದುಡಿಯುವ ಹರೀಸಾ ಚಟ್ನಿಯ ಕಾರ್ಖಾನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಾಗ ಒಬ್ಬ ಹೆಂಗಸು ತನ್ನ ಗಂಡನನ್ನು ಬೈಯುತ್ತಿದ್ದಳು. "ನಮ್ಮವನಿಗೆ ಗಾಳದ ಹುಚ್ಚು ಕಣೆ. ಸ್ವಂತ ತಮ್ಮನ ಮದುವೆಗೆ ಅಂತ ಟ್ಯೂನಿಸಿಗೆ ಕರೆದ್ರೂ ಬರಲಿಲ್ಲ. ಮೀನು ಕಚ್ಚೋ ಕಾಲವಂತೆ! ಆ ಕೋಲು ಹಿಡಿದವನು ಊರು ಬಿಡಲ್ಲ, ಬಿಡು." ಮಿಕ್ಕವರೆಲ್ಲ ನಕ್ಕರು. ಹನಿಯಾ ನಗಲಿಲ್ಲ. ಊರು ಬಿಡಲ್ಲ ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಸೊಸೆಗೆಂದು ತೆಗೆದಿಟ್ಟಿದ್ದ ಚಿನ್ನದ ಓಲೆ ಮಾರಿದಳು. ಅದು ಮನೆಯಲ್ಲಿದ್ದರೂ ಅಪಾಯವೇ, ಇಂದಲ್ಲ ನಾಳೆ ವಜ್ದಿಯ ಕೈಗೆ ಸಿಕ್ಕಿ ದೋಣಿಯವನ ಜೇಬು ಸೇರುತ್ತಿತ್ತು.

"ಮರಳ ದಂಡೆಗೋ, ಬಂಡೆಗೋ?" ತಿಜಾನಿ ಕೇಳಿದ. ತಾನೇ ಒಂದು ಉದ್ದನೆಯ ಕೋಲು ಎತ್ತಿಕೊಂಡ. "ಇದು ಮರಳಲ್ಲಿ ನೆಡೋದು. ಎಸೆದು, ನೆಟ್ಟು, ತುದಿಗೊಂದು ಗೆಜ್ಜೆ ಕಟ್ಟಿ ಕೂತ್ರೆ ಆಯ್ತು. ಚಹಾ ಕಾಸ್ಕೋಬಹುದು, ಜೊತೆಗಾರರ ಹತ್ರ ಹರಟೆ ಹೊಡೀಬಹುದು. ಹುಡುಗರಿಗೆ ಇದೇ ಇಷ್ಟ."

"ಇದು ಬೇಡ."

"ಯಾಕಮ್ಮ? ಒಳ್ಳೇ ಮಾಲು."

"ಹರಟೆ ಹೊಡೀಬಾರದು ಅಂತಾನೇ ನಾನು ಬಂದಿರೋದು."

ತಿಜಾನಿ ಅವಳ ಮುಖ ನೋಡಿದ. ಆಮೇಲೆ ಇನ್ನೊಂದು, ಗಿಡ್ಡನೆಯ ತೆಳ್ಳನೆಯ ಕೋಲನ್ನು ಕೆಳಗಿಳಿಸಿದ. "ಹಾಗಾದ್ರೆ ಇದು ನೋಡು, ಸ್ಪಿನ್ನಿಂಗ್ ರಾಡು. ಇದನ್ನ ನೆಡೋ ಹಾಗಿಲ್ಲ, ಕೈಯಲ್ಲೇ ಇರ್ಬೇಕು. ತಗಡಿನ ಮೀನು ಕಟ್ಟಿ ಎಸೀಬೇಕು, ರೀಲು ಸುತ್ತಿ ಎಳೀಬೇಕು, ಮತ್ತೆ ಎಸೀಬೇಕು. ಎಳೀತಾ ಇದ್ರೇನೇ ಅದು ಮೀನಿನ ಹಾಗೆ ಓಡೋದು. ಒಂದು ಬಂಡೆ ಬಿಟ್ಟು ಇನ್ನೊಂದಕ್ಕೆ ನಡೀತಾ ಇರ್ಬೇಕು."

"ಪಕ್ಕದಲ್ಲಿ ಯಾರಾದ್ರೂ ಕೂತು ಮಾತಾಡಿದ್ರೆ?"

"ಮೂಗಿಗೇ ಕೊಕ್ಕೆ ಸಿಕ್ಕೊಳ್ಳುತ್ತೆ! ಹತ್ರ ಯಾರೂ ನಿಲ್ಲಬಾರದು. ಒಂಟಿ ಆಟ ಇದು."

"ಇದೇ ಕೊಡು."

ಕೊಂಡ ಬಗೆಯನ್ನಾದರೂ ನೋಡಬೇಕಿತ್ತು. ಆ ಬಗೆಯ ಒಂದೊಂದು ಕೋಲನ್ನೂ ಬಲಗೈಯಲ್ಲಿ ಚಾಚಿ ಹಿಡಿದು, ತೋಳು ಸೋಲುವವರೆಗೆ ನಿಂತಳು. ಬೇಗ ಸೋಲಿಸಿದ್ದನ್ನು ವಾಪಸ್ ಇಟ್ಟಳು, ಭಾರವಾದರೆ ಹುಡುಗ ಕೆಳಗಿಡುತ್ತಾನೆ, ಕೆಳಗಿಟ್ಟವನು ಎದ್ದು ಹೋಗುತ್ತಾನೆ. ರೀಲುಗಳಲ್ಲಿ ಅಗ್ಗದ್ದು ಹೊಳೆಯುತ್ತಿತ್ತು. ಉಪ್ಪುನೀರಿಗೆ ಅದು ಬೇಗನೆ ತುಕ್ಕು ಹಿಡಿಯುತ್ತದೆ ಎಂದು ತಿಜಾನಿ ತಾನೇ ಹೇಳಿದ. ಕೆಟ್ಟು ಕೂತರೆ ಮಗ ಮತ್ತೆ ಕಾಫಿ ಅಂಗಡಿಗೆ ಹೋಗುತ್ತಾನಲ್ಲ, ಅದಕ್ಕೇ ಅವಳು ಮಂಕಾಗಿದ್ದ ದುಬಾರಿ ರೀಲನ್ನು ಆರಿಸಿದಳು. ಎಸೆಯುವುದು ಹೇಗೆಂದು ಮುದುಕನಿಂದ ಹೇಳಿಸಿಕೊಂಡಳು. ಹೊರಡುವಾಗ ಅವನು, "ದಿನಾ ಸಂಜೆ ಸಿಹಿನೀರಲ್ಲಿ ತೊಳೀಬೇಕು, ಉಪ್ಪು ಉಳಿದ್ರೆ ಯಂತ್ರ ಸಾಯುತ್ತೆ" ಎಂದ. "ಅದು ನನ್ನ ಕೆಲಸ" ಎಂದಳು ಹನಿಯಾ.

ವಜ್ದಿ ಮೊದಲು ಉರಿದುಬಿದ್ದ. "ಯಮ್ಮಾ, ತಲೆಗಿಲೆ ಕೆಟ್ಟಿದೆಯಾ? ಆ ಓಲೆ ನನಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಮಿಲಾನಿಂದ ನಿನಗೆ ದುಡ್ಡು ಬರ್ತಿತ್ತು!"

"ದುಡ್ಡು ಯಾರಿಗೆ ಬೇಕು? ಮೀನು ತಗೊಂಡು ಬಾ ಹೋಗು."

ಸಿಟ್ಟಿಗೇ ಹೋದ, ಸಿಟ್ಟಿಗೇ ಎಸೆದ. ಆದರೆ ಒಂದು ಮುಂಜಾನೆ ಬಂಡೆಯ ಬುಡದಿಂದ ಮೊಳದುದ್ದದ ಕಾರೂಸ್ ಮೀನು ಅವನ ತಗಡಿಗೆ ಹಾರಿತು. ಅವತ್ತು ಮನೆಗೆ ಬಂದವನ ಮುಖ ನೋಡಿ ಹನಿಯಾ ಒಲೆಯ ಮುಂದೆಯೇ ಅತ್ತುಬಿಟ್ಟಳು, ಹೊಗೆ ಎಂದು ಸುಳ್ಳು ಹೇಳಿದಳು. ಕುಸ್‌ಕುಸ್ ಮೇಲೆ ಆ ಮೀನು ಇಟ್ಟು ಓಣಿಗೆಲ್ಲ ಹಂಚಿದಳು. ಅಲ್ಲಿಂದಾಚೆ ಹುಡುಗ ಕಾಫಿ ಅಂಗಡಿಯ ಕಡೆ ಹೋಗಲೇ ಇಲ್ಲ. ಬಂದರಿನಿಂದ ಹವಾರಿಯಾದವರೆಗೆ ಒಂದು ಬಂಡೆ ಬಿಡದೆ ಅಲೆದ. ಎಲ್ಲಿ ಆಳ, ಎಲ್ಲಿ ಮರಳು, ಯಾವ ಗಾಳಿಗೆ ಯಾವ ಕೊಲ್ಲಿ ಶಾಂತ, ಊಟಕ್ಕೆ ಕೂತರೆ ಇದೇ ಪುರಾಣ. ಕಾರ್ಖಾನೆಯಲ್ಲಿ ಹನಿಯಾಳ ಜಂಬವೋ ಜಂಬ. "ಹಿಡಿದಿಟ್ಟೆ ಕಣ್ರೇ, ಹಿಡಿದಿಟ್ಟೆ" ಎನ್ನುತ್ತಿದ್ದಳು ಆ ಬಡಪಾಯಿ.

ಸಂಜೆ ಸಂಜೆ ರೀಲು ತೊಳೆಯುವುದನ್ನು ಅವಳು ನಮಾಜಿನಷ್ಟೇ ನಿಷ್ಠೆಯಿಂದ ಮಾಡುತ್ತಿದ್ದಳು. ಉಪ್ಪು ಹೋಯಿತೋ ಇಲ್ಲವೋ ತಿಳಿಯಲು ನಾಲಿಗೆ ತಾಗಿಸಿ ನೋಡುವುದು ರೂಢಿ. ಒಂದು ಸಂಜೆ ತೊಳೆಯುವ ಮುಂಚೆಯೇ ಹಾಗೆ ನೋಡಿದಳು. ಉಪ್ಪಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ದಾರ ಒಣಗಿಕೊಂಡೇ ಇತ್ತು. ಮುಂಜಾನೆಯಿಂದ ಸಂಜೆಯ ತನಕ ಕಡಲ ದಂಡೆಯಲ್ಲಿದ್ದವನು ಒಮ್ಮೆಯೂ ಎಸೆದಿಲ್ಲ! ಹನಿಯಾ ರೀಲನ್ನು ತೊಳೆಯದೆಯೇ ಕೆಳಗಿಟ್ಟಳು.

ತಲೆಗೆ ಬಟ್ಟೆ ಸುತ್ತಿಕೊಂಡು ತಿಜಾನಿಯ ಹತ್ತಿರ ಓಡಿದಳು. ಮುದುಕ ಕಣ್ಣು ತಪ್ಪಿಸಿದ. "ಮೊನ್ನೆ ಬಂದಿದ್ದ ತಾಯಿ. ಮೇಕೆ ಕೊಲ್ಲಿಗೆ ದೊಡ್ಡ ದೋಣಿ ಬರಬಹುದಾ, ತಳ ತಾಗುತ್ತಾ ಅಂತ ಕೇಳಿದ. ಗಾಳ ಹಾಕೋನು ಕೇಳೋ ಮಾತಲ್ಲ ಅದು."

ಆ ರಾತ್ರಿಯ ಊಟದಲ್ಲಿ ಅವಳು ಸುತ್ತಿ ಬಳಸದೆ ಕೇಳಿದಳು. ವಜ್ದಿ ಸುಳ್ಳು ಹೇಳಲಿಲ್ಲ, ಅದೊಂದು ಗುಣ ಅವನಲ್ಲಿತ್ತು.

"ಕೋಲು ಹಿಡಿದು ಒಬ್ಬನೇ ನಡೆಯೋನನ್ನ ಪೊಲೀಸರು ಕಣ್ಣೆತ್ತಿಯೂ ನೋಡಲ್ಲ ಯಮ್ಮಾ. ದೋಣಿಯವರಿಗೆ ಹೊಸ ಜಾಗ ಬೇಕಿತ್ತು, ನಾನು ಹುಡುಕಿಕೊಟ್ಟೆ. ಅದಕ್ಕೆ ನನಗೆ ಪುಕ್ಕಟೆ ಸೀಟು. ಆ ಹೊತ್ತಿಗೆ ಕೊಲ್ಲಿಯಲ್ಲಿ ನರಪಿಳ್ಳೆ ಇರಬಾರದು, ಗುರುತಿಲ್ಲದ ಗಾಳದವನೊಬ್ಬ ನಿಂತಿದ್ರೂ ದೋಣಿ ದಡ ಮುಟ್ಟಲ್ಲ. ಅದನ್ನ ನೋಡ್ಕೊಳ್ಳೋದೂ ನಾನೇ, ಎಲ್ಲಾ ಸರಿ ಅಂತ ದೀಪ ತೋರಿಸೋದೂ ನಾನೇ."

"ಯಾವತ್ತು?"

ಅವನು ರೊಟ್ಟಿ ಮುರಿದುಕೊಂಡ.

"ನಾನೇ ಕೊಟ್ಟೆ" ಎಂದಳು ಹನಿಯಾ. "ನಿನಗೆ ದುಡ್ಡಿರಲಿಲ್ಲ. ಆ ಕೋಲನ್ನ ನಾನೇ ನನ್ನ ಕೈಯಾರೆ ಕೊಟ್ಟೆ." ಎದೆ ಎದೆ ಬಡಿದುಕೊಂಡು ಅತ್ತಳು, ಕಾಲು ಹಿಡಿಯಲು ಹೋದಳು. ಮಗ ಅವಳ ಕೈ ಬಿಡಿಸಿ ಹೊರಗೆ ಹೋದ. ಪೊಲೀಸರಿಗೆ ಹೇಳೋಣವೆಂದರೆ ಅವನನ್ನೇ ಮೊದಲು ಒಳಗೆ ಹಾಕುತ್ತಾರೆ, ಅವನು ಹೊರಗೆ ಬಂದಮೇಲೆ ಮಿಕ್ಕ ಹುಡುಗರ ಅಣ್ಣತಮ್ಮಂದಿರು ಉಳಿಸುವುದಿಲ್ಲ. ಆ ದಾರಿಯೂ ಮುಚ್ಚಿತ್ತು.

ಗಾಳಿ ನಿಂತು ಕಡಲು ಎಣ್ಣೆ ಹೊಯ್ದಂತಾದ ಒಂದು ಮಧ್ಯಾಹ್ನ ವಜ್ದಿ ಅವಳ ಹಣೆಗೆ ಮುತ್ತಿಟ್ಟು, "ಬರ್ತೀನಿ" ಎಂದು ಹೊರಟ. ಕೋಲು ಮೂಲೆಯಲ್ಲೇ ಇತ್ತು.

ಅವನು ಜೊತೆಯವರನ್ನು ಕೂಡಿಸಿಕೊಂಡು ಹೋಗಬೇಕು, ಅಷ್ಟು ಹೊತ್ತು ಅವಳಿಗೆ ಸಿಕ್ಕಿತು. ಕೋಲು ಎತ್ತಿಕೊಂಡಳು. ಬಾಡಿಗೆ ಕಾರು ಹೆದ್ದಾರಿಯಲ್ಲಿ ಇಳಿಸಿ ಹೋಯಿತು. ಮುಳ್ಳುಪೊದೆಗಳ ನಡುವೆ ಜಾರುತ್ತ, ಮೊಣಕಾಲು ತರಚಿಕೊಳ್ಳುತ್ತ ಮೇಕೆ ಕೊಲ್ಲಿಗೆ ಇಳಿದಾಗ ಸೂರ್ಯ ಮುಳುಗುತ್ತಿದ್ದ. ಯಾರೂ ಇರಲಿಲ್ಲ. ನೀರಂಚಿನ ಬಂಡೆಯ ಮೇಲೆ ನಿಂತು ಎಸೆಯತೊಡಗಿದಳು.

ಮೊದಲ ಸಲ ತಗಡು ಅವಳ ಕಾಲಬುಡದಲ್ಲೇ ಬಿತ್ತು. ಎರಡನೆಯ ಸಲ ಕೊಕ್ಕೆ ಅವಳ ತಲೆಬಟ್ಟೆಗೇ ಸಿಕ್ಕಿತು, ಬಿಡಿಸುವಾಗ ಬೆರಳು ಕೊಯ್ದುಕೊಂಡಳು. ಮೆಣಸಿನಕಾಯಿ ಉರಿಗೆ ಪಳಗಿದ ಕೈ, ನೋವು ಲೆಕ್ಕಕ್ಕಿಲ್ಲ. ಎಸೆದಳು, ಸುತ್ತಿದಳು, ಎಸೆದಳು. ಮೀನು ಕಚ್ಚೀತೆಂದು ಹೆದರಿಕೆ, ಕಚ್ಚಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಬೆಳಕು ಕಂದುವ ಹೊತ್ತಿಗೆ ಹಿಂದಿನ ಗುಡ್ಡದಲ್ಲಿ ಪಿಸುಮಾತು ಕೇಳಿತು. "ಯಾವನೋ ಅದು, ಈ ಹೊತ್ತಲ್ಲಿ?" "ವಜ್ದಿ, ಖಾಲಿ ಇರುತ್ತೆ ಅಂದಿದ್ದೆ!" ಒಂದು ಕಲ್ಲು ಬಂದು ಅವಳ ಪಕ್ಕದ ನೀರಿಗೆ ಬಿತ್ತು. ಇನ್ನೊಂದು ಬೆನ್ನಿಗೇ ತಾಗಿತು. ಅವಳು ತಿರುಗಲಿಲ್ಲ. ಅಷ್ಟರಲ್ಲಿ ಕಡಲ ಕಡೆಯಿಂದ ಎಂಜಿನ್ನಿನ ಸದ್ದು ಬಂತು, ಸ್ವಲ್ಪ ದೂರದಲ್ಲಿ ನಿಂತಿತು, ಒಂದು ದೀಪ ಹತ್ತಿ ಆರಿತು.

ಕಲ್ಲುಗಳ ಮೇಲೆ ಹೆಜ್ಜೆ ಓಡಿ ಬಂತು. ಆ ಹೆಜ್ಜೆ ಅವಳಿಗೆ ಅಪರಿಚಿತವೇ?

"ಯಮ್ಮಾ! ಏನ್ ಮಾಡ್ತಿದೀಯ ಇಲ್ಲಿ? ಹೋಗು, ಮನೆಗೆ ಹೋಗು!" ಪಿಸುದನಿಯಲ್ಲೇ ಗದರಿದ.

ಅವಳು ಎಸೆದಳು.

"ಅವರು ಕಾಯ್ತಿದಾರೆ. ನಾನು ದೀಪ ತೋರಿಸ್ಬೇಕು."

"ತೋರಿಸು. ಇವಳು ನನ್ನ ತಾಯಿ, ಪರವಾಗಿಲ್ಲ ಬನ್ನಿ ಅಂತ ಕೂಗಿ ಹೇಳು. ನಾನು ಅಡ್ಡ ಬರಲ್ಲ, ನಿನ್ನ ಜೊತೆ ಹತ್ತುತ್ತೀನಿ."

"ಹುಚ್ಚಿ ಥರ ಆಡ್ಬೇಡ!"

"ನನಗೆ ಈಜು ಬರಲ್ಲ. ಬೇಗ ಮುಗಿಯುತ್ತೆ."

ದೀಪ ತೋರಿಸಬೇಕಾದ ಮೊಬೈಲು ಅವನ ಕೈಯಲ್ಲಿತ್ತು. ದೂರದ ದೀಪ ಮತ್ತೆ ಹತ್ತಿ ಆರಿತು. ಗುಡ್ಡದ ಮೇಲಿನಿಂದ ಅವನ ಹೆಸರು ಹಿಡಿದು ಕೂಗಿದರು. ಹನಿಯಾ ರೀಲು ಸುತ್ತುತ್ತಲೇ ಇದ್ದಳು, ಅಳು ಬಂದು ಹಿಡಿಕೆಯೇ ಕಾಣಿಸುತ್ತಿರಲಿಲ್ಲ. ಮಗ ಮೊಬೈಲು ಎತ್ತಿದ, ಹಾಗೇ ಹಿಡಿದು ನಿಂತ, ಆಮೇಲೆ ತೋಳು ಕೆಳಗೆ ಬಿತ್ತು. ಎಂಜಿನ್ನು ಗುರ್ ಎಂದಿತು. ಸದ್ದು ದೂರ ದೂರ ಹೋಗಿ ಕೇಳಿಸದಾಯಿತು.

ಮೇಲಿದ್ದವರು ಅವನ ತಾಯಿಯ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದರು. ಆ ತಾಯಿ ಅಲ್ಲೇ ನಿಂತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ, ವಜ್ದಿ ಹೇಳಲೂ ಇಲ್ಲ.

"ನಾಳೆ ಬೇರೆ ಕಡೆಯಿಂದ ಹೋಗ್ತಾರೆ" ಎಂದ.

"ಅಲ್ಲಿಗೂ ಬರ್ತೀನಿ."

"ಎಷ್ಟು ದಿನ ನಿಲ್ತೀಯ ಹೀಗೆ? ಹೇಳು, ಎಷ್ಟು ದಿನ?"

ಅವಳ ತೋಳಲ್ಲಿ ಮತ್ತೊಂದು ಎಸೆತಕ್ಕೂ ಶಕ್ತಿ ಉಳಿದಿರಲಿಲ್ಲ. ಆದರೂ ಕೋಲು ಎತ್ತಿದಳು, ಇಳಿಸಿದರೆ ದೋಣಿ ಎಲ್ಲಿ ವಾಪಸ್ ಬಂದುಬಿಡುತ್ತದೋ ಎಂದು. ವಜ್ದಿ ಬೆನ್ನು ತಿರುಗಿಸಿ ಗುಡ್ಡ ಹತ್ತತೊಡಗಿದ. ಅವಳು ಅವಸರವಾಗಿ ದಾರ ಸುತ್ತಿಕೊಂಡು, ಒಂದು ಚಪ್ಪಲಿಯನ್ನು ನೀರಿಗೆ ಕಳೆದುಕೊಂಡು, ಅವನ ಹಿಂದೆ ಹೊರಟಳು. ಮಗ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ, ಕೈ ಕೊಡಲಿಲ್ಲ. ಆದರೆ ಅವನ ಮೊಬೈಲಿನ ಬೆಳಕು ಮಾತ್ರ ಅವನ ಕಾಲ ಮುಂದಿರದೆ, ಹಿಂದಕ್ಕೆ, ಅವಳು ಹತ್ತಬೇಕಾದ ಕಲ್ಲುಗಳ ಮೇಲೆ ಬೀಳುತ್ತಿತ್ತು.