ಎರಡು ಕೊಡ ನೀರು

ನಾನೊಂದು ಕಾಂಕ್ರೀಟ್ ತೊಲೆ. ಸೂರು ಹೊರುವ ಭಾಗ್ಯ ನನಗಿಲ್ಲ. ಮುರಿಯುವುದಕ್ಕೆಂದೇ ಹುಟ್ಟಿದವನು. ಎಂಥ ಹಣೆಬರಹ ನೋಡಿ!

ನನ್ನನ್ನು ಎರೆದವಳು ವನಜಾಕ್ಷಿ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿರುಕುಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅವಳ ಅಪ್ಪ ತಿಪ್ಪೇಶಪ್ಪ ಗಾರೆ ಮೇಸ್ತ್ರಿ. ಅವನು ಕಟ್ಟಿದ ಶಾಲೆಯ ಜಗಲಿಯ ತೊಲೆ ಬಿರುಕುಬಿಟ್ಟು ಕುಸಿದು, ಅಲ್ಲಿ ಅಡುಗೆ ಮಾಡುವ ರುದ್ರಮ್ಮನ ಕಾಲು ಹೋಗಿತ್ತು. "ಕಾಂಕ್ರೀಟ್ ಗಟ್ಟಿಯಾಗೋ ಮುಂಚೆ ಕಂಟ್ರಾಕ್ಟ್ರು ಸೆಂಟ್ರಿಂಗ್ ಹಲಗೆ ಬಿಚ್ಚಿಸ್ದ, ನಂದೇನೂ ತಪ್ಪಿಲ್ಲ" ಎಂದು ಅವನು ಊರೆಲ್ಲ ಹೇಳಿದ. ನಂಬಿದವಳು ಮಗಳೊಬ್ಬಳೇ. ಅಪ್ಪನ ಮೇಲಿನ ಅಪವಾದ ತೊಳೆಯಲೇಬೇಕೆಂದು ಹಟ ಹಿಡಿದಳು.

ಕಂಪ್ಯೂಟರಿನಲ್ಲಿ ಆ ತೊಲೆಗೆ ಮತ್ತೆ ಮತ್ತೆ ಬಿರುಕು ಬರಿಸಿ ನೋಡಿದಳು. ಸೆಂಟ್ರಿಂಗ್ ಬೇಗ ಬಿಚ್ಚಿದರೆ ಬಿರುಕು ನೆಟ್ಟಗೆ ಏರುತ್ತಿತ್ತು. ಕಲಸುವಾಗ ನೀರು ಹೆಚ್ಚಾದರೆ ಜಲ್ಲಿಕಲ್ಲುಗಳನ್ನು ಸುತ್ತಿಬಳಸಿ ಸೊಟ್ಟಸೊಟ್ಟಗೆ ಏರುತ್ತಿತ್ತು. ಶಾಲೆಯ ತೊಲೆಯ ಫೋಟೋ ಅವಳ ಲ್ಯಾಬಿನ ಗೋಡೆಯ ಮೇಲಿತ್ತು. ಅದರಲ್ಲಿದ್ದದ್ದು ಸೊಟ್ಟ ಬಿರುಕು. "ಈ ಕಂಪ್ಯೂಟರಿಗೇನು ಗೊತ್ತು!" ಎಂದು ಬೈದು ನಿಜವಾದ ತೊಲೆಗಳನ್ನೇ ಎರೆದಳು. ಬೇಗ ಬಿಚ್ಚಿಸಿಕೊಂಡವನು ನನ್ನಣ್ಣ. ನೀರು ಹೆಚ್ಚು ಕುಡಿದವನು ನಾನು.

ಅಣ್ಣ ನೆಟ್ಟಗೆ ಸೀಳಿದ. ಆಮೇಲೆ ನನ್ನ ಸರದಿ. ತೊಲೆ ಮುರಿಯುವ ಯಂತ್ರ ನೆತ್ತಿಯ ಮೇಲೆ ಒತ್ತುವಾಗ ಅವಳ ಮುಖ ನೋಡಿದೆ. ದೇವರೇ, ನಾನೂ ನೆಟ್ಟಗೇ ಸೀಳಲಿ ಎಂದು ಬೇಡಿಕೊಂಡೆ. ಬಿರುಕು ನನ್ನ ಮಾತು ಕೇಳೀತೇ? ಒಂದು ಕಲ್ಲನ್ನು ಸುತ್ತಿಬಳಸಿತು, ಇನ್ನೊಂದನ್ನೂ ಬಳಸಿತು. ಫೋಟೋದಲ್ಲಿದ್ದ ಬಿರುಕೇ ನನ್ನ ಮೈಮೇಲೆ ಬಂದಿತ್ತು. ಅವಳು ಫೋಟೋವನ್ನು ಗೋಡೆಯಿಂದ ಕಿತ್ತು ತಂದು ನನ್ನ ಪಕ್ಕಕ್ಕೆ ಹಿಡಿದು ನೋಡಿದಳು.

ಮರುದಿನ ಅಪ್ಪನನ್ನು ಕರೆತಂದು ಫೋಟೋ ತೋರಿಸಿದಳು, ನನ್ನನ್ನೂ ತೋರಿಸಿದಳು. ಮೇಸ್ತ್ರಿ ನನ್ನ ಬಿರುಕಿನ ಮೇಲೆ ಬೆರಳಾಡಿಸಿದ.

"ಅವತ್ತು ಸುಡೋ ಬಿಸ್ಲು ಕಣವ್ವ. ಬಾಂಡ್ಲಿ ಹೊರೋ ಹೆಣ್ಮಕ್ಳ ಕೈ ಸೋತಿದ್ವು. ಸಲೀಸಾಗ್ಲಿ ಅಂತ ಕಲ್ಸೋವಾಗ ಎರಡು ಕೊಡ ನೀರು ಹೆಚ್ಚಿಗೆ ನಾನೇ ಹುಯ್ಸಿದೆ. ಅಡುಗೆ ಕೆಲ್ಸಕ್ಕೆ ಸೇರೋ ಮುಂಚೆ ರುದ್ರಮ್ಮನೂ ಅಲ್ಲೇ ಬಾಂಡ್ಲಿ ಹೊರ್ತಿದ್ಲು."

"ಮತ್ತೆ ನನ್ ಹತ್ರ ಯಾಕಪ್ಪ ಸುಳ್ಳು ಹೇಳ್ದೆ?"

"ನೀನೊಬ್ಳಾದ್ರೂ ನಂಬಿದ್ಯಲ್ಲವ್ವ."

ವನಜಾಕ್ಷಿ ತನ್ನ ಪ್ರಬಂಧದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ನನ್ನನ್ನು ಕಾಲೇಜಿನ ಹಿತ್ತಲಿಗೆ ಸಾಗಿಸುವಾಗ ಎರಡು ತುಂಡಾದೆ. ಈಗ ಹೊಂಗೆಮರದ ಕೆಳಗೆ ಬಿದ್ದಿದ್ದೇನೆ, ಇರುವೆಗಳಿಗೆ ನಾನೇ ಹೆದ್ದಾರಿ.

ಒಂದು ಸಂಜೆ ಮೇಸ್ತ್ರಿ ಬಂದು ನನ್ನ ಮೇಲೆ ಕೂತ. ಮಗಳೂ ಬಂದು ಪಕ್ಕದಲ್ಲಿ ಕೂತಳು.

"ರುದ್ರಮ್ಮನ ಮನೆಗೆ ಹೋಗಿದ್ದೆ. ಎಲ್ಲಾ ಹೇಳ್ದೆ" ಎಂದ ಮೇಸ್ತ್ರಿ.

"ಬೈದ್ಲಾ?"

"ಬೈದಿದ್ರೆ ಚೆನ್ನಾಗಿತ್ತು. 'ನೀನು ನೀರು ಹುಯ್ಸಿದಾಗ, ನಿನ್ ಹೊಟ್ಟೆ ತಣ್ಣಗಿರ್ಲಿ ಅಂತ ಹರಸಿದ್ದೆ ಕಣಣ್ಣ' ಅಂದ್ಲು."

ಹಾಗೆಂದು ಆ ಮುದುಕ ಬಿಕ್ಕಿಬಿಕ್ಕಿ ಅತ್ತ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಸೂರು ಹೊರದ ನಾನು ಅವರಿಬ್ಬರನ್ನೂ ಹೊತ್ತುಕೊಂಡು, ಕತ್ತಲಾಗುವವರೆಗೂ ಅಲುಗಾಡದೆ ಬಿದ್ದಿದ್ದೆ.