ಇನ್ನೂ ತೀರ್ಮಾನಿಸಿಲ್ಲ

ಪಕ್ಕದ ಬೀದಿಯ ಮನೆಯೊಂದರ ಬಾಗಿಲಲ್ಲಿ ಮಧುರಾ ನಿಂತಿದ್ದನ್ನು ಕಂಡು ಡಾಕ್ಟರ್ ನಳಿನಿ ಕಾರಿನ ವೇಗ ತಗ್ಗಿಸಿದರು. ಪಕ್ಷವೊಂದರ ಟೀ ಶರ್ಟು, ಕೈಯಲ್ಲಿ ಕರಪತ್ರಗಳ ಕಟ್ಟು. ಎರಡು ತಿಂಗಳಿಂದ ಸಂಜೆಯ ವಾಕಿಂಗಿನಲ್ಲಿ ತಮ್ಮೊಡನೆ ನಗುತ್ತಿದ್ದ ಅದೇ ನಗುವನ್ನು ಅವಳು ಆ ಮನೆಯವರತ್ತ ನಗುತ್ತಿದ್ದಳು.

ಆ ಅಕ್ಟೋಬರಿನಲ್ಲಿ ಅಮೆರಿಕದ ಅಲ್ಫರೆಟಾ ಊರಿನಲ್ಲಿ ಯಾರನ್ನೂ ನಂಬುವ ಹಾಗಿರಲಿಲ್ಲ. ಒಮ್ಮೆ ಆ ಪಕ್ಷಕ್ಕೆ, ಒಮ್ಮೆ ಈ ಪಕ್ಷಕ್ಕೆ ಹಾಕುವ ನಳಿನಿಯಂಥವರ ಓಟೇ ಜಾರ್ಜಿಯಾ ರಾಜ್ಯವನ್ನು, ಆ ರಾಜ್ಯ ದೇಶದ ಅಧ್ಯಕ್ಷರನ್ನು ತೀರ್ಮಾನಿಸುತ್ತದೆ ಎಂದು ಟೀವಿಯವರು ಹೇಳುತ್ತಲೇ ಇದ್ದರು. ತಾವಿನ್ನೂ ತೀರ್ಮಾನಿಸಿಲ್ಲ ಎಂದು ನಳಿನಿ ಬಾಯಿಬಿಟ್ಟಿದ್ದೇ ತಡ, ಎಷ್ಟೋ ವರ್ಷ ಮಾತಾಡದಿದ್ದ ಸಹೋದ್ಯೋಗಿ ಫೋನ್ ಮಾಡಿ ಕ್ಷೇಮ ವಿಚಾರಿಸಿದ. ದೇವಸ್ಥಾನದಲ್ಲಿ ಶೇಷಾದ್ರಿ ಪ್ರಸಾದದ ಸಾಲಿನಲ್ಲೇ ತೆರಿಗೆಯ ಮಾತೆತ್ತಿದ. ಮಧುರಾ ಮಾತ್ರ ಎಂದೂ ರಾಜಕೀಯ ಆಡಿದವಳಲ್ಲ. ನಳಿನಿಗೆ ಮೊಣಕಾಲು ಹಿಡಿದುಕೊಂಡಿದ್ದ ದಿನ ಹುಳಿ ಮಾಡಿ ತಂದುಕೊಟ್ಟಿದ್ದಳು. ಈಗ ಆ ಹುಳಿಯ ಮೇಲೂ ಅನುಮಾನ ಬಂತು.

ಸಂಜೆ ವಾಕಿಂಗಿನಲ್ಲಿ ನೇರವಾಗಿಯೇ ಕೇಳಿದರು. "ನೀನು ನನ್ನ ಜೊತೆ ಬರ್ತಿರೋದು ಓಟಿಗೋಸ್ಕರ ಅಲ್ವಾ?"

ಮಧುರಾ ನಡಿಗೆ ನಿಧಾನಿಸಿದಳು. "ಹೌದು ಆಂಟಿ. ನೀವಿನ್ನೂ ಡಿಸೈಡ್ ಮಾಡಿಲ್ಲ ಅಂತ ಶೇಷಾದ್ರಿ ಅಂಕಲ್ ಹೇಳಿದ್ರು. ಮೊದಲನೇ ದಿನ ಅದಕ್ಕೇ ಬಂದೆ."

"ಆಮೇಲೆ?"

"ಆಮೇಲೆ ಕೇಳೋಕೆ ನಾಚಿಕೆ ಆಯ್ತು."

ಮಧುರಾ ಮುಂದುವರಿಸಿದಳು. "ವರ್ಕ್ ವೀಸಾ ನಮ್ಮದು, ಓಟಿಲ್ಲ. ಮಗಳು ಇಶಾಗೆ ಇಪ್ಪತ್ತೊಂದು ತುಂಬಿದ್ರೆ ಅವಳು ನಮ್ಮ ವೀಸಾದಲ್ಲಿ ಇರೋ ಹಾಗಿಲ್ಲ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರಲ್ಲ. ಮೂರು ವರ್ಷದ ಮಗು ಆಗಿದ್ದಾಗ ಬಂದೋಳು ಆಂಟಿ, ಎಲ್ಲಿಗೆ ಕಳಿಸಲಿ?"

"ಇವರು ಗೆದ್ರೆ ಸರಿಮಾಡ್ತಾರೆ ಅಂತ ನಂಬಿದ್ದೀಯಾ?"

"ಇಲ್ಲ. ಆದ್ರೆ ಮನೇಲಿ ಸುಮ್ನೆ ಕೂರಕ್ಕಾಗ್ತಿಲ್ಲ."

ಅವಳ ದನಿ ಒಡೆದಿತ್ತು. ನಳಿನಿಯ ಕೈ ಅವಳ ಭುಜದತ್ತ ಹೋಗಿ ಅರ್ಧದಲ್ಲೇ ನಿಂತಿತು. ಮನೆ ಮನೆಗೆ ಹೋಗಿ ಓಟು ಕೇಳುವವರಿಗೆ ಸ್ವಂತ ಕಥೆ ಹೇಳುವುದನ್ನು ಕಲಿಸಿಕೊಡುತ್ತಾರಂತೆ ಎಂದು ಎಲ್ಲೋ ಓದಿದ್ದು ನೆನಪಾಗಿತ್ತು.

ಮರುವಾರ, ಮುಂಗಡ ಮತದಾನ ನಡೆಯುತ್ತಿದ್ದ ಲೈಬ್ರರಿಗೆ ನಳಿನಿ ಒಬ್ಬರೇ ಹೋಗಿ ಓಟು ಹಾಕಿದರು. ಮತಯಂತ್ರದ ಪರದೆಯ ಮುಂದೆ ಬಹಳ ಹೊತ್ತು ನಿಂತರು. ತಮ್ಮ ಬೆರಳು ತಮ್ಮ ಮಾತನ್ನೇ ಕೇಳುತ್ತಿದೆಯೋ, ಇನ್ನಾರದನ್ನೋ ಎಂದು ಅದರ ಮೇಲೂ ಗುಮಾನಿ. ಯಾರಿಗೆ ಹಾಕಿದೆ ಎಂದು ಯಾರಿಗೂ ಹೇಳಲಿಲ್ಲ. ಮಧುರಾ ಕೇಳಲೂ ಇಲ್ಲ, ಚುನಾವಣೆ ಮುಗಿಯುವವರೆಗೆ ಅತ್ತ ಬರಲೂ ಇಲ್ಲ.

ಫಲಿತಾಂಶ ಬಂದ ದಿನ ಒಂದು ಫೋನೂ ಬರಲಿಲ್ಲ. ಇನ್ನು ಯಾರಿಗೂ ನಳಿನಿಯ ಓಟು ಬೇಕಿರಲಿಲ್ಲ. ಬೇಗ ಕತ್ತಲಾಗಿತ್ತು. ಬೆಲ್ ಆಯಿತು. ಫೋನಿನಲ್ಲಿ ಬಾಗಿಲಿನ ಕ್ಯಾಮೆರಾ ನೋಡಿದರು. ಮಧುರಾ ಬರಿಗೈಯಲ್ಲಿ ನಿಂತಿದ್ದಳು. ಇನ್ನೊಮ್ಮೆ ಬೆಲ್ ಒತ್ತಲಿಲ್ಲ, ಹೊರಟೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಬೀದಿ ನೋಡತೊಡಗಿದಳು.

ನಳಿನಿ ಫೋನಿನಿಂದ ಕಣ್ಣು ತೆಗೆಯದೆ, ದೀಪ ಹಾಕದೆ, ಕಾಲಿನಿಂದಲೇ ತಡವುತ್ತಾ ವಾಕಿಂಗಿನ ಶೂ ಹುಡುಕಿದರು.