ಫೋನು ಹಾಡಿತು, ಕೂಸು ತಿರುಗಲಿಲ್ಲ

ಕೂಟಗಲ್ಲಿನ ವೆಂಕಟಲಕ್ಷ್ಮಮ್ಮನಿಗೆ ಮೊಮ್ಮಗಳ ವಿಷಯದಲ್ಲಿ ಬಲು ಹೆಮ್ಮೆ. ಏಳು ತಿಂಗಳ ಅಮೂಲ್ಯ ಸುಮ್ಮಸುಮ್ಮನೆ ಅಳುವ ಕೂಸಲ್ಲ. ಕುಕ್ಕರ್ ಕೂಗಿದರೂ ಬೆಚ್ಚುವುದಿಲ್ಲ, ಮನೆ ಮುಂದೆ ಟ್ರ್ಯಾಕ್ಟರ್ ಹೋದರೂ ಏಳುವುದಿಲ್ಲ. "ನಮ್ ಕೂಸು ಬಲ್ ಸಾಧು ಕಣವ್ವ," ಎಂದು ಆಕೆ ಬೀದಿಯಲ್ಲಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರೂ ಹೌದೌದು ಎನ್ನುತ್ತಿದ್ದರು. ಅಳದ ಮಗುವನ್ನು ಯಾರು ತಾನೆ ಅನುಮಾನದಿಂದ ನೋಡುತ್ತಾರೆ?

ಮಗ ನಾಗರಾಜು, ಸೊಸೆ ಸೌಮ್ಯ ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿ ಬಿಡದಿ ಕಡೆ ಕಾರ್ಖಾನೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಉಳಿಯುವುದು ಅಜ್ಜಿ, ಕೂಸು, ಮತ್ತೆ ಹಿತ್ತಲ ಹುಳುಮನೆಯಲ್ಲಿ ರೇಷ್ಮೆ ಹುಳು. ಹುಳು ಕೊನೆಯ ಸಲ ಪೊರೆ ಕಳಚಿದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳುವಿಗೆ ಪೌಡರಿನ ವಾಸನೆ ಆಗದೆಂದು ಕೂಸನ್ನು ಆ ಕಡೆ ಒಯ್ಯುವಂತೆಯೂ ಇಲ್ಲ. ಹಾಗಾಗಿ ವೆಂಕಟಲಕ್ಷ್ಮಮ್ಮ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಹಳೇ ಫೋನಿನಲ್ಲಿ ಮಕ್ಕಳ ಹಾಡು ಹಾಕಿ, ಪಕ್ಕದಲ್ಲಿಟ್ಟು ಹೋಗುವಳು. ಆಗಾಗ ಬಂದು ಇಣುಕುವಳು. ಕೂಸು ತನ್ನ ಕಾಲ್ಬೆರಳು ಹಿಡಿದುಕೊಂಡು ಆಡುತ್ತಿರುತ್ತಿತ್ತು.

ಒಂದು ಸೋಮವಾರ ಆಶಾ ಕಾರ್ಯಕರ್ತೆ ಭಾನುಪ್ರಿಯ ಲಸಿಕೆ ಕಾರ್ಡು ನೋಡಲು ಬಂದಳು. ತೊಟ್ಟಿಲ ಬಳಿ ಫೋನು ಹಾಡುತ್ತಿತ್ತು. ಆಕೆ ಅದನ್ನು ಥಟ್ಟನೆ ಆರಿಸಿದಳು. ಕೂಸು ಕಾಲ್ಬೆರಳು ಬಿಡಲಿಲ್ಲ, ಕತ್ತೂ ಎತ್ತಲಿಲ್ಲ.

"ದೊಡ್ಡವ್ವ, ನೀವು ಕೂಸಿಗೆ ಹಾಡ್ ಹೇಳಲ್ವಾ?"

"ನನ್ ಗಂಟ್ಲು ಯಾರಿಗ್ ಬೇಕವ್ವ. ಫೋನೇ ಹಾಡ್ತೈತಲ್ಲ, ನನಗಿಂತ ಚೆಂದಾಗಿ."

"ಹಾಡ್ತೈತೆ. ಆದ್ರೆ ಅದು ಕೂಸಿನ ಮಕ ನೋಡ್ತದಾ? ಒಸಿ ತೊಟ್ಲ ಹಿಂದ್ಗಡೆ ನಿಂತ್ಕಂಡು ಜೋಗುಳ ಹೇಳಿ. ಕೂಸಿಗೆ ನೀವು ಕಾಣಬಾರ್ದು."

ವೆಂಕಟಲಕ್ಷ್ಮಮ್ಮ ನಕ್ಕು, ಹಿಂದೆ ನಿಂತು, ತನ್ನ ತಾಯಿಯಿಂದ ಕಲಿತ ಜೋಗುಳ ಎತ್ತಿಕೊಂಡಳು. ಒಂದು ನುಡಿ ಮುಗಿಯಿತು. ಕೂಸು ತಿರುಗಲಿಲ್ಲ. ದನಿ ಏರಿಸಿದಳು. ಆಗಲೂ ಇಲ್ಲ. ಭಾನುಪ್ರಿಯ ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು ಹಿಂದಿನಿಂದ ಸೌಟಿನಲ್ಲಿ ಬಡಿದಳು. ಅಜ್ಜಿ ಬೆಚ್ಚಿಬಿದ್ದಳು. ಕೂಸು ಕಾಲ್ಬೆರಳು ಚೀಪುತ್ತಲೇ ಇತ್ತು.

"ದೊಡ್ಡವ್ವ, ಕಿವಿ ಒಂದ್ಸಲ ತೋರ್ಸಬೇಕು."

"ನನ್ ಮೊಮ್ಮಗಳ್ನ ಕಿವುಡಿ ಅನ್ನಾಕೆ ಬಂದಿದ್ದೀಯಾ?" ಮುದುಕಿಯ ದನಿ ಗಡುಸಾಯಿತು. "ನಮ್ ನಾಗರಾಜು ಮೂರು ವರ್ಸಕ್ಕೆ ಮಾತಾಡಿದ್ದು. ಏನ್ ಕೊರತೆ ಆಗೈತೆ ಅವನಿಗೆ?"

"ಮಾತು ತಡ ಆಗೋದು ಬ್ಯಾರೆ, ಸದ್ದಿಗೆ ತಿರುಗ್ದೆ ಇರೋದು ಬ್ಯಾರೆ. ಕೂಸಿಗೆ ಮಾತು ತಿಳಿಯೋಕ್ ಮುಂಚೆ ರಾಗ ತಿಳೀತದೆ ದೊಡ್ಡವ್ವ. ನಾವು ಹಾಡಿ ಒಸಿ ನಿಲ್ಸಿದ್ರೆ ಅದು 'ಆ' ಅಂತದೆ. ನಾವ್ ಮತ್ತೆ ಹಾಡ್ತೀವಿ, ಅದು ಮತ್ತೆ ಅಂತದೆ. ಮಾತು ಕಲಿಯೋದು ಹಿಂಗೇ. ಕೂಸು 'ಆ' ಅಂದ್ರೂ ಫೋನು ನಿಲ್ಲಲ್ಲ, ಅನ್ನದಿದ್ರೂ ನಿಲ್ಲಲ್ಲ. ಅದಕ್ಕೇ ಇಷ್ಟ್ ದಿನ ನಿಮಗ್ ಗೊತ್ತಾಗ್ಲಿಲ್ಲ."

"ಹೆಣ್ ಕೂಸು ಕಣೆ ಭಾನು. ಒಂದ್ಸಲ ಹೆಸರು ಬಿದ್ರೆ ಊರು ಮರೀತದಾ? ಸೌಮ್ಯಂಗೆ ಏನೂ ಹೇಳ್ಬೇಡ."

"ಗುರುವಾರದ ತನಕ ನೋಡ್ತೀನಿ. ನೀವು ಹೇಳದಿದ್ರೆ ನಾನೇ ಹೇಳ್ತೀನಿ," ಎಂದು ಭಾನುಪ್ರಿಯ ಹೊರಟಳು.

ಆ ಮೂರು ದಿನ ಮುದುಕಿ ಕೂಸನ್ನು ತಾನೇ ಪರೀಕ್ಷಿಸಿದಳು. ಮನೆಯಲ್ಲಿ ಯಾರೂ ಇಲ್ಲದಾಗ ಚಪ್ಪಾಳೆ ತಟ್ಟಿದಳು, ಬಾಗಿಲು ಬಡಿದಳು, ಹೆಸರು ಹಿಡಿದು ಕೂಗಿದಳು. ಎದುರಿಗೆ ಬಂದರೆ ಕೂಸು ಬೊಚ್ಚುಬಾಯಿ ತೆರೆದು ನಗುತ್ತಿತ್ತು. ಹಿಂದೆ ಹೋದರೆ ಅದಕ್ಕೆ ಅಜ್ಜಿ ಎಂಬವಳು ಲೋಕದಲ್ಲೇ ಇಲ್ಲ.

ಗುರುವಾರ ಮಧ್ಯಾಹ್ನ ಹುಳುವಿಗೆ ಸೊಪ್ಪು ಹಾಕಿ ಬಾಗಿಲಲ್ಲಿ ನಿಂತಳು. ಹುಳು ಮೇಯುವ ಸದ್ದು ತುಂತುರು ಮಳೆಯಂತೆ ಎದ್ದಿತು. ಆ ಸದ್ದು ಕೇಳಿಯೇ ಯಾವ ಬಿದಿರು ತಟ್ಟೆಯ ಹುಳು ಸೊರಗಿದೆ ಎಂದು ಹೇಳಬಲ್ಲ ಹೆಂಗಸು ಅವಳು. ಹುಳುವಿಗೆ ಕೊಟ್ಟ ಕಿವಿಯನ್ನು ಮನೆಯ ಕೂಸಿಗೆ ಕೊಡಲಿಲ್ಲವಲ್ಲ ಎನ್ನಿಸಿತು. ಅಲ್ಲೇ ಕೂತು ಅತ್ತಳು.

ಸಂಜೆ ಸೌಮ್ಯ ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಮುದುಕಿ ಎಲ್ಲವನ್ನೂ ಹೇಳಿಬಿಟ್ಟಳು.

"ಮೂರು ದಿನದಿಂದ ಗೊತ್ತಿದ್ದೂ ಸುಮ್ನಿದ್ರಾ ಅತ್ತೆ?" ಸೌಮ್ಯ ಕೂಸನ್ನು ಅವುಚಿಕೊಂಡಳು. ಮುದುಕಿ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಸೊಸೆ ಮೆಲ್ಲಗೆ ಹೇಳಿದಳು: "ನಿಮ್ಮನ್ನ ಏನಂತ ಅನ್ನಲಿ. ಸುಸ್ತಾಗಿ ಬಂದು ನಾನೂ ಫೋನೇ ಹಾಕ್ತಿದ್ದೆ. ಒಂದ್ ದಿನ ಹಾಡಿಲ್ಲ."

ಮರುದಿನವೇ ಕೆಲಸಕ್ಕೆ ರಜೆ ಹಾಕಿ ರಾಮನಗರದ ಆಸ್ಪತ್ರೆಗೆ ಹೋದರು. ಅಲ್ಲಿಂದ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಬೆಂಗಳೂರಿನ ಆಸ್ಪತ್ರೆಯಲ್ಲಿ, ಮಲಗಿದ ಕೂಸಿನ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡುವಾಗ ಮೂವರೂ ಹೊರಗೆ ಕುಳಿತಿದ್ದರು. ನಾಗರಾಜು ಬಾಗಿಲನ್ನೇ ನೋಡುತ್ತಿದ್ದ. ತಡ ಮಾಡಿದ ತಾನು ಯಾವ ಮುಖದಲ್ಲಿ ಕೇಳಲಿ ಎಂದು ವೆಂಕಟಲಕ್ಷ್ಮಮ್ಮ ಮನೆದೇವರಿಗೆ ಹರಕೆ ಹೊರಲೂ ಹೆದರಿದಳು.

ಡಾಕ್ಟರಮ್ಮ ಕರೆದು ಹೇಳಿದರು: "ಪೂರ್ತಿ ಕೇಳಿಸಲ್ಲ ಅಂತಲ್ಲ. ಎರಡೂ ಕಿವೀಲಿ ತುಂಬಾ ಕಮ್ಮಿ ಕೇಳ್ಸುತ್ತೆ. ಮೆಷಿನ್ ಹಾಕೋಣ. ಆದ್ರೆ ಮೆಷಿನ್ನು ಸದ್ದನ್ನ ಕಿವಿ ತನಕ ತರುತ್ತೆ ಅಷ್ಟೆ, ಅದರ ಅರ್ಥ ಕಲಿಸೋರು ನೀವು. ಹತ್ತಿರ ಕೂತು, ಮುಖ ನೋಡ್ತಾ, ದಿನಾ ಹಾಡಿ, ಮಾತಾಡಿಸಿ."

"ಮೂರು ದಿನ ತಡ ಮಾಡ್ಬುಟ್ಟೆ ತಾಯಿ," ಎಂದಳು ಮುದುಕಿ.

"ಮೂರು ವರ್ಷ ತಡ ಮಾಡಿ ಬರೋರೂ ಇದಾರೆ ಅಜ್ಜಿ."

ಮೆಷಿನ್ ಹಾಕಿದ ದಿನ ಕೂಸು ಅತ್ತು ರಂಪ ಮಾಡಿ ಕಿತ್ತೆಸೆಯಿತು. ಮತ್ತೆ ಹಾಕಿದರು. ಸೌಮ್ಯ ಬೆಳಿಗ್ಗೆ ಎಣ್ಣೆ ಹಚ್ಚುವಾಗ ಹಾಡಿದಳು, ನಾಗರಾಜು ಸಂಜೆ ತೊಡೆ ಕುಣಿಸುತ್ತ ಅಪಸ್ವರದಲ್ಲೇ ಹಾಡಿದ, ಅಜ್ಜಿ ಹಗಲೆಲ್ಲ ಹಾಡಿದಳು. ಒಂದು ವಾರ ಕಳೆಯಿತು, ಎರಡಾಯಿತು, ಮೂರಾಯಿತು. ಕೂಸು ಹಾಡುವವರ ಬಾಯಿ ನೋಡುತ್ತಿತ್ತೇ ಹೊರತು ಬೇರೇನೂ ಇಲ್ಲ. ಈ ಮೆಷಿನ್ನು ಫಲ ಕೊಡಲಿಲ್ಲವೇನೋ ಎಂದು ಮುದುಕಿಗೆ ಒಳಗೊಳಗೇ ಅಳುಕು. ಆದರೂ ಹಾಡು ನಿಲ್ಲಿಸಲಿಲ್ಲ.

ನಾಲ್ಕನೇ ವಾರ ಒಂದು ಬೆಳಿಗ್ಗೆ, ಕೂಸಿನ ಬೆನ್ನ ಹಿಂದೆ ಕೂತು ಬಟ್ಟೆ ಮಡಿಸುತ್ತ ಅಭ್ಯಾಸಬಲದಿಂದ ಜೋಗುಳ ಗುನುಗುತ್ತಿದ್ದಳು. ಅಮೂಲ್ಯಳ ಕೈಯಾಟ ನಿಂತಿತು. ಕತ್ತು ಮೆಲ್ಲಗೆ ಹಿಂದಕ್ಕೆ ತಿರುಗಿತು. ವೆಂಕಟಲಕ್ಷ್ಮಮ್ಮ ಹಾಡು ನಿಲ್ಲಿಸಿದಳು. ಕೂಸು ಅವಳನ್ನೇ ನೋಡುತ್ತ, ಹಾಡು ಯಾಕೆ ನಿಂತಿತು ಎಂದು ಕೇಳುವ ಹಾಗೆ, "ಆಂ" ಎಂದಿತು.

ಮುಂದಿನ ಸಾಲು ಮುದುಕಿಗೆ ನೆನಪೇ ಆಗಲಿಲ್ಲ.

ಅವ್ವಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯಲ್ಲೂ ತೊಟ್ಟಿಲಿದ್ದರೆ ಇವತ್ತೇ ಫೋನು ಆರಿಸಿ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಿಮಗೆ ಬರುವ ಯಾವ ಹಾಡಾದರೂ ಸರಿ, ಹಾಡಿ. ಗಂಟಲು ಚೆನ್ನಾಗಿಲ್ಲವೆಂಬ ಸಂಕೋಚ ಬೇಡ, ನಿಮ್ಮ ಕೂಸಿಗೆ ನಿಮ್ಮ ದನಿಯೇ ಇಷ್ಟ. ನಡುವೆ ಒಸಿ ನಿಲ್ಲಿಸಿ, ಅದು ಏನನ್ನುತ್ತದೆ ಕೇಳಿ. ಒಮ್ಮೆ ಹಿಂದೆ ನಿಂತೂ ಹಾಡಿ ನೋಡಿ. ಆರು ತಿಂಗಳು ದಾಟಿದ ಕೂಸು ಸದ್ದಿಗೆ ತಿರುಗದಿದ್ದರೆ ಊರೇನನ್ನುತ್ತದೋ ಎಂದು ಯೋಚಿಸುತ್ತ ಕೂರಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ನಾಳೆಯ ಬಸ್ಸಿಗೇ ಹೊರಡಿ.